ಮಣ್ಣಿಗೆ ಬರುವ ಪೊಲೀಸರು ಎಲ್ಲಿ ನಿಲ್ಲಬೇಕು?

ಹೊಂಗೆಯ ನೆರಳು (ತುಮಕೂರು ಜಿಲ್ಲೆ) · ಭಾನುವಾರ ರಾತ್ರಿ 9.40

ಹೋದ ಮಂಗಳವಾರ ನನ್ನ ತಮ್ಮನನ್ನು ಮಣ್ಣು ಮಾಡಿದೆವು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಸೋಮವಾರ ಬೆಳಗಿನ ಜಾವ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ದೀಪವಿಲ್ಲ, ಹಿಂದೆ ಕೆಂಪು ಪಟ್ಟಿಯಿಲ್ಲ, ರಸ್ತೆಯ ಮೇಲೆಯೇ ಬಿಟ್ಟುಹೋಗಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿದ. ಟ್ರ್ಯಾಕ್ಟರ್ ಪಕ್ಕದ ಊರಿನವರದು. ಅವನ ಗೆಳೆಯರು ಸಿಟ್ಟಿನಲ್ಲಿ ಆಸ್ಪತ್ರೆಯ ಮುಂದೆ ಸ್ವಲ್ಪ ಹೊತ್ತು ರಸ್ತೆ ತಡೆದು ಕುಳಿತರು. ಹಿರಿಯರು ಹೇಳಿದ ಮೇಲೆ ಎದ್ದರು. ಮಾರನೆಯ ದಿನ ಮಣ್ಣಿಗೆ ಎರಡು ಜೀಪು, ಒಂದು ವ್ಯಾನು ಬಂದವು.

ಬಂದದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಹೊಲದಲ್ಲಿಯೇ ಗುಂಡಿ ತೆಗೆಸಿದ್ದೆವು. ಅವರು ಗುಂಡಿಯ ಅಂಚಿಗೇ ಬಂದು ನಿಂತರು. ಒಬ್ಬ ಹುಡುಗ ಪೇದೆ ಮೊಬೈಲ್ ಎತ್ತಿ ಹಿಡಿದು ಅಳುತ್ತಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ವಿಡಿಯೋ ಮಾಡುತ್ತಿದ್ದ. ಅಮ್ಮ ತಮ್ಮನ ಬಾಯಿಗೆ ಅಕ್ಕಿ ಹಾಕಲು ಬಗ್ಗಿದಾಗ ಒಬ್ಬ ಅಧಿಕಾರಿ ಗಡಿಯಾರ ನೋಡಿಕೊಂಡು, "ಇನ್ನೆಷ್ಟು ಹೊತ್ತು? ಬೇಗ ಮುಗಿಸಿ, ನಮಗೆ ಬೇರೆ ಬಂದೋಬಸ್ತ್ ಇದೆ" ಎಂದರು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಯಾರೋ ಮಣ್ಣು ಎಳೆಯಲು ಆರಂಭಿಸಿದರು. ಮನೆಗೆ ಬಂದು ತಲೆಗೆ ನೀರು ಹಾಕುವಾಗ ನೋಡಿದರೆ ಅಮ್ಮನ ಮುಷ್ಟಿಯಲ್ಲಿ ಆ ಅಕ್ಕಿ ಹಾಗೆಯೇ ಇತ್ತು.

ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ತಿಳಿದವರು ಹೇಳಿ: ಮಣ್ಣಿಗೆ ಪೊಲೀಸರು ಬರುವುದಕ್ಕೆ ಕಾನೂನು ಏನು? ಬಂದರೆ ಎಲ್ಲಿ ನಿಲ್ಲಬೇಕು? ಮನೆಯವರ ವಿಡಿಯೋ ತೆಗೆಯಬಹುದೇ? ಬರುವ ಶುಕ್ರವಾರ ತಿಥಿ. ಅಂದೂ ಬರುತ್ತಾರೆ ಎಂದು ಊರಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಅಮ್ಮ ಈಗಲೇ ಹೆದರಿ ಕುಳಿತಿದ್ದಾರೆ.

ಕಲ್ಪತರು ನಾಡು (ತಿಪಟೂರು) · ರಾತ್ರಿ 9.58

ಅಣ್ಣ, ಆ ಅಕ್ಕಿಯ ಮಾತು ಓದಿ ಕೈ ಆಡಲಿಲ್ಲ. ಹೆತ್ತವಳು ಮಗನ ಬಾಯಿಗೆ ಅಕ್ಕಿ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಅಷ್ಟೂ ಕಾಯಲಾಗದವರಿಗೆ ಖಾಕಿ ಯಾಕೆ? ಟ್ರ್ಯಾಕ್ಟರ್‌ನವನ ಮನೆಗೆ ಕಾವಲು ಹಾಕಬೇಕಿತ್ತು, ಸತ್ತವನ ಗುಂಡಿಗಲ್ಲ.

ಗುಬ್ಬಿ ಮೇಷ್ಟ್ರು · ರಾತ್ರಿ 10.15

ನಿಮ್ಮ ಮನೆಯ ದುಃಖದಲ್ಲಿ ನಾನೂ ಇದ್ದೇನೆ. ಒಂದು ಪ್ರಶ್ನೆ: ಬರುವುದಕ್ಕೆ ಮುಂಚೆ ಠಾಣೆಯವರು ನಿಮ್ಮ ಮನೆಯ ಹಿರಿಯರಲ್ಲಿ ಯಾರೊಂದಿಗಾದರೂ ಮಾತಾಡಿದ್ದರೇ?

ಹೊಂಗೆಯ ನೆರಳು · ರಾತ್ರಿ 10.22

ಇಲ್ಲ ಮೇಷ್ಟ್ರೇ. ಒಬ್ಬರ ಜೊತೆಯೂ ಇಲ್ಲ. ತಮಟೆಯವರು ಮುಂದೆ, ಚಟ್ಟ ಹಿಂದೆ, ನಾವು ಹೊಲದ ದಾರಿಗೆ ತಿರುಗಿದಾಗ ಜೀಪು ಎದುರಿಗೇ ನಿಂತಿತ್ತು.

ನಿವೃತ್ತ ಮುಖ್ಯಪೇದೆ (ಶಿರಾ) · ರಾತ್ರಿ 11.05

ಮಗು, ನಾನು ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು. ನಿಮ್ಮ ತಾಯಿಗೆ ಆದದ್ದಕ್ಕೆ ಮೊದಲು ನಾನು ಕ್ಷಮೆ ಕೇಳುತ್ತೇನೆ. ಆ ಮಾತು ಆಡಬಾರದಿತ್ತು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದರೆ ತಿಪಟೂರಿನ ತಮ್ಮನ ಮಾತನ್ನು ನಾನು ಒಪ್ಪುವುದಿಲ್ಲ. ಮಣ್ಣಿಗೆ ನಾವು ಯಾಕೆ ಹೋಗುತ್ತೇವೆ ಎಂಬುದು ನಿಮಗೆ ಗೊತ್ತಿರಲಿ. ಅಪಘಾತ, ವಿಷ, ನೇಣು, ಬಾವಿ, ಇಂಥ ಸಾವು ಆದ ಕೂಡಲೇ ಠಾಣೆಗೆ ಸುದ್ದಿ ಬರುತ್ತದೆ: ಹೆಣವನ್ನು ಎದುರಾಳಿಯ ಮನೆಯ ಮುಂದೆ ಇಡುತ್ತಾರೆ, ಅಲ್ಲೇ ಸುಡುತ್ತಾರೆ ಎಂದು. ಹತ್ತರಲ್ಲಿ ಎಂಟು ಸಲ ಏನೂ ಆಗುವುದಿಲ್ಲ. ಆಗುವ ಆ ಎರಡು ಸಲ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಊರಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಕೊಟ್ಟಿಗೆಯಲ್ಲಿದ್ದ ಎರಡು ಎಮ್ಮೆ ಸತ್ತವು. ಮಲಗಿದ್ದ ಮುದುಕಿಯನ್ನು ನಾನೇ ಹೊತ್ತು ತಂದೆ. ಆಸ್ಪತ್ರೆಯ ಮುಂದೆ ರಸ್ತೆ ತಡೆದರು ಎಂದ ಮೇಲೆ ಯಾವ ಇನ್‌ಸ್ಪೆಕ್ಟರ್ ಆದರೂ ವ್ಯಾನು ಕಳಿಸುತ್ತಾರೆ. ಕಳಿಸದೆ ಗಲಾಟೆ ಆದರೆ ಮೊದಲು ಅಮಾನತು ಆಗುವವರು ಅವರೇ.

ವಿಡಿಯೋ ತೆಗೆದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. "ಎಲ್ಲರ ಮುಖ ಬರಲಿ" ಎಂದು ಅವನಿಗೆ ಮೇಲಿನಿಂದ ಹೇಳಿರುತ್ತಾರೆ. ಅವನಿಗೂ ಅಲ್ಲಿ ನಿಲ್ಲಲು ಮನಸ್ಸಿರುವುದಿಲ್ಲ.

ನಾನು ಸೇರಿದ ಹೊಸತರಲ್ಲಿ ನಮ್ಮ ಸಬ್ ಇನ್‌ಸ್ಪೆಕ್ಟರ್ ಹೇಳಿಕೊಟ್ಟದ್ದು ಒಂದೇ ಮಾತು: "ಹೆಣ ಎದುರಿಗೆ ಬಂದರೆ ಜೀಪು ನಿಲ್ಲಿಸು, ಇಳಿ, ನೆಟ್ಟಗೆ ನಿಂತು ಸಲಾಂ ಮಾಡು. ಯಾರ ಹೆಣ ಎಂದು ಕೇಳಬೇಡ." ಕಳ್ಳನ ಹೆಣಕ್ಕೂ ನಾವು ಸಲಾಂ ಮಾಡಿದ್ದೇವೆ. ಈಗಿನ ಹುಡುಗರಿಗೆ ಅದನ್ನು ಹೇಳಿಕೊಡುವವರು ಕಡಿಮೆಯಾಗಿದ್ದಾರೆ.

ಕಲ್ಪತರು ನಾಡು · ರಾತ್ರಿ 11.20

ಯಜಮಾನರೇ, ನಿಮ್ಮ ಮೇಲೆ ಗೌರವವಿದೆ. ಆದರೆ "ಮೇಲಿನಿಂದ ಹೇಳಿದ್ದರು" ಎನ್ನುವುದನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? ಅಳುವ ಹೆಂಗಸಿನ ಮುಖ ವಿಡಿಯೋದಲ್ಲಿ ಯಾಕೆ ಬೇಕು? ಬಣವೆಗೆ ಬೆಂಕಿ ಹಾಕುವವರು ಆ ತಾಯಂದಿರೇ? ಗಲಾಟೆ ಮಾಡುವವರು ಗುಂಡಿಯ ಹತ್ತಿರ ಇರುವುದೇ ಇಲ್ಲ, ದೂರದಲ್ಲಿ ಬೈಕಿನ ಮೇಲೆ ಕುಳಿತಿರುತ್ತಾರೆ. ಹತ್ತರಲ್ಲಿ ಎಂಟು ಸಲ ಏನೂ ಆಗುವುದಿಲ್ಲ ಎಂದು ನೀವೇ ಹೇಳುತ್ತೀರಿ. ಆ ಎಂಟು ಮನೆಯವರು ಏನು ತಪ್ಪು ಮಾಡಿದ್ದಾರೆ?

ಕೈವಾರದ ದಾರಿ (ಚಿಂತಾಮಣಿ ಕಡೆ) · ಸೋಮವಾರ ಬೆಳಿಗ್ಗೆ 6.50

ಇಲ್ಲಿ ಒಂದು ಬೇರೆ ಮಾತು ಬರಲೇಬೇಕು. ನಾನು ದಲಿತ ಕೇರಿಯವನು. ನಮ್ಮ ಸ್ಮಶಾನಕ್ಕೆ ಹೋಗುವ ದಾರಿ ಬೇರೆಯವರ ಹೊಲದ ಪಕ್ಕದಲ್ಲಿ ಹಾದುಹೋಗುತ್ತದೆ. ನಕಾಶೆಯಲ್ಲಿ ದಾರಿ ಇದೆ, ಕಾಲಿಗೆ ಮಾತ್ರ ಇಲ್ಲ. ನನ್ನ ದೊಡ್ಡಪ್ಪ ತೀರಿಹೋದಾಗ ಬೇಲಿ ಹಾಕಿ ತಡೆದರು. ಹೆಣ ಹೆಗಲ ಮೇಲೆ, ಮಳೆ ಮೇಲೆ. ನಾವು 112ಕ್ಕೆ ಫೋನ್ ಮಾಡಿದೆವು. ಪೊಲೀಸರು ಮತ್ತು ಗ್ರಾಮ ಲೆಕ್ಕಿಗರು ಬಂದು ಬೇಲಿ ತೆಗೆಸಿದ ಮೇಲೆಯೇ ದೊಡ್ಡಪ್ಪನಿಗೆ ಮಣ್ಣು ಸಿಕ್ಕಿತು. ಅಂದು ಪೊಲೀಸರು ಬರದಿದ್ದರೆ ನಾವು ಹೆಣ ಹೊತ್ತುಕೊಂಡು ಎಲ್ಲಿಗೆ ಹೋಗಬೇಕಿತ್ತು?

ಕಂಬಾಲಪಲ್ಲಿಯನ್ನು ಹೊಸ ಹುಡುಗರು ಮರೆತಿದ್ದಾರೆ. 2000ದ ಮಾರ್ಚ್ 11, ನಮ್ಮದೇ ತಾಲ್ಲೂಕು, ಆಗ ಕೋಲಾರ ಜಿಲ್ಲೆ. ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಂಥ ಜಾಗದಿಂದ ಬಂದವನಿಗೆ "ಮಣ್ಣಿಗೆ ಪೊಲೀಸರು ಬರಲೇಬಾರದು" ಎನ್ನುವುದು ಅರ್ಥವಾಗುವುದಿಲ್ಲ. ಬರಬೇಕು. ನಮ್ಮನ್ನು ಕಾಯಲು ಬರಬೇಕು, ನಮ್ಮ ಮೇಲೆ ಕಣ್ಣಿಡಲು ಅಲ್ಲ. ಆ ದಿನವೂ ಒಬ್ಬರು ನಮ್ಮ ಹುಡುಗರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡರು. ಬೇಲಿ ಹಾಕಿದವರ ಹೆಸರನ್ನು ಬರೆದುಕೊಳ್ಳಲಿಲ್ಲ.

ಕಲ್ಪತರು ನಾಡು · ಬೆಳಿಗ್ಗೆ 7.30

ನಿಮ್ಮ ಮಾತು ಒಪ್ಪುತ್ತೇನೆ ಅಣ್ಣ. ನಾನು ಅವಸರದಲ್ಲಿ ಬರೆದೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ, ವಕೀಲ) · ಬೆಳಿಗ್ಗೆ 8.45

ಕಾನೂನು ಕೇಳಿದ್ದೀರಿ, ತಿಳಿದಷ್ಟು ಬರೆಯುತ್ತೇನೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವು ಇಂಥವುಗಳಲ್ಲಿ ಅದರ 194ನೆಯ ಕಲಂ ಪ್ರಕಾರ ಪೊಲೀಸರು ಶವ ಪಂಚನಾಮೆ ಮಾಡುತ್ತಾರೆ. ಹಳೆಯ ಕಾನೂನಿನಲ್ಲಿ ಇದೇ 174 ಆಗಿತ್ತು. ಮರಣೋತ್ತರ ಪರೀಕ್ಷೆ ಮುಗಿದು, ಸಹಿ ಹಾಕಿಸಿಕೊಂಡು ಶವವನ್ನು ವಾರಸುದಾರರ ಕೈಗೆ ಒಪ್ಪಿಸಿದ ಮೇಲೆ ಅಂತ್ಯಸಂಸ್ಕಾರ ಮನೆಯವರದು. ಆಮೇಲೆ ಪೊಲೀಸರು ಬರುವುದು ತನಿಖೆಗಲ್ಲ, ಅಪರಾಧ ಆಗದಂತೆ ತಡೆಯುವುದಕ್ಕೆ. ಆ ಅಧಿಕಾರ 168ನೆಯ ಕಲಂನಲ್ಲಿದೆ. ಶಾಸ್ತ್ರವನ್ನು ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಹೇಳುವ ಅಧಿಕಾರವನ್ನು ಆ ಕಲಂ ಕೊಡುವುದಿಲ್ಲ. ನಿಷೇಧಾಜ್ಞೆ ಇರುವಾಗಲೂ ಮದುವೆ ಮತ್ತು ಶವಯಾತ್ರೆಗೆ ವಿನಾಯಿತಿ ಎಂದು ಹಲವು ಆದೇಶಗಳಲ್ಲಿ ಬರೆದಿರುತ್ತಾರೆ.

ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಂ ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದನ್ನು ಅಪರಾಧ ಎನ್ನುತ್ತದೆ. ಒಂದು ವರ್ಷದವರೆಗೆ ಸಜೆ ಇದೆ. ಆದರೆ ಭಾವನೆಗೆ ನೋವು ಕೊಡುವ ಉದ್ದೇಶ, ಇಲ್ಲವೇ ನೋವಾಗುತ್ತದೆ ಎಂಬ ಅರಿವು ಸಾಬೀತಾಗಬೇಕು. "ಬೇಗ ಮುಗಿಸಿ" ಎಂದದ್ದಕ್ಕೆ ಈ ಕಲಂ ನಿಲ್ಲುವುದು ಕಷ್ಟ. ಸುಳ್ಳು ಭರವಸೆ ಕೊಡಲಾರೆ.

ಗೌರವದ ಮಾತು ಬೇರೆ. ಸಂವಿಧಾನದ 21ನೆಯ ವಿಧಿಯ ಘನತೆ ಜೀವಂತ ಮನುಷ್ಯನಿಗಷ್ಟೇ ಅಲ್ಲ, ಮೃತದೇಹಕ್ಕೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಪ್ರದೇಶದ ಹಾಥರಸ್‌ನಲ್ಲಿ, ಹಲ್ಲೆಗೊಳಗಾಗಿ ತೀರಿಕೊಂಡ ದಲಿತ ಹುಡುಗಿಯ ದೇಹವನ್ನು ಮನೆಯವರನ್ನು ದೂರವಿಟ್ಟು ಪೊಲೀಸರು ರಾತ್ರೋರಾತ್ರಿ ಸುಟ್ಟಾಗ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮೃತರ ಘನತೆಯ ಬಗ್ಗೆ ಎಲ್ಲ ರಾಜ್ಯಗಳಿಗೂ ಸಲಹೆ ಕಳಿಸಿತು. ಇವನ್ನು ಮುಂದಿಟ್ಟುಕೊಂಡು ನೀವು ಠಾಣೆಯಲ್ಲಿ ಧೈರ್ಯವಾಗಿ ಮಾತಾಡಬಹುದು.

ಇನ್ನೊಂದು ಮಾತು, ಇದು ಪ್ರಶ್ನೆಯಲ್ಲಿಲ್ಲ, ಆದರೂ ಹೇಳಬೇಕು. ಎಫ್‌ಐಆರ್, ಮಹಜರು, ಮರಣೋತ್ತರ ವರದಿ ಮೂರರ ನಕಲನ್ನೂ ಕೇಳಿ ತೆಗೆದುಕೊಳ್ಳಿ. ಅಪಘಾತ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು. ದುಃಖದಲ್ಲಿ ಇದನ್ನು ಮುಂದೂಡಿ ಕೈಸುಟ್ಟುಕೊಂಡವರನ್ನು ನೋಡಿದ್ದೇನೆ.

ಬಂಗಾರಪೇಟೆ ಜಂಕ್ಷನ್ · ಬೆಳಿಗ್ಗೆ 9.10

ವಕೀಲರೇ, ಪೊಲೀಸರಿಗಿಂತ ನಮಗೆ ಹೆಚ್ಚು ಸಂಕಟ ಕೊಟ್ಟದ್ದು ಶವಾಗಾರದ ಬಾಗಿಲು. ಸಂಜೆ ಐದೂವರೆಗೆ ಹೋದರೆ "ಸೂರ್ಯ ಮುಳುಗಿದ ಮೇಲೆ ಆಗುವುದಿಲ್ಲ, ನಾಳೆ ಬನ್ನಿ" ಎಂದರು. ಅಪ್ಪನ ದೇಹ ಇಡೀ ರಾತ್ರಿ ಒಳಗೆ, ನಾವು ಆರು ಮಂದಿ ಹೊರಗೆ ಕಲ್ಲುಬೆಂಚಿನ ಮೇಲೆ. ಹೊಲಿಯುವವನಿಗೆ ಕೊಡಿ, ಬಟ್ಟೆಗೆ ಕೊಡಿ, ವಾಹನಕ್ಕೆ ಕೊಡಿ ಎಂದು ಕೈಯೊಡ್ಡಿದವರ ಲೆಕ್ಕವೇ ಇಲ್ಲ.

ನಂದಿ ತಪ್ಪಲು · ಬೆಳಿಗ್ಗೆ 9.25

2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ನಿಯಮ ಬದಲಿಸಿದೆ. ಸೌಕರ್ಯವಿರುವ ಆಸ್ಪತ್ರೆಗಳು ಮರಣೋತ್ತರ ಪರೀಕ್ಷೆಯನ್ನು ಸೂರ್ಯಾಸ್ತದ ನಂತರವೂ ಮಾಡಬಹುದು. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನಾಸ್ಪದ ಸಾವುಗಳಿಗೆ ಮಾತ್ರ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ಈಗಲೂ ಹಳೆಯ ಮಾತನ್ನೇ ಹೇಳಿದರೆ ಸೌಕರ್ಯವಿಲ್ಲವೇ, ಮನಸ್ಸಿಲ್ಲವೇ ಎಂದು ನೇರವಾಗಿ ಕೇಳಿ.

ರೇಷ್ಮೆಗೂಡು (ಶಿಡ್ಲಘಟ್ಟ) · ಮಧ್ಯಾಹ್ನ 1.35

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನನ್ನ ಅಕ್ಕ ಮದುವೆಯಾಗಿ ಮೂರು ವರ್ಷಕ್ಕೆ ತೀರಿಹೋದಳು. ಏಳು ವರ್ಷದ ಒಳಗಿನ ಸಾವು ಎಂದು ತಹಶೀಲ್ದಾರರೇ ಬಂದು ಪಂಚನಾಮೆ ಮಾಡಿದರು. ನಮ್ಮ ಮಾವಂದಿರು "ಗಂಡನ ಮನೆಯ ಅಂಗಳದಲ್ಲೇ ಗುಂಡಿ ತೆಗೆಯುತ್ತೇವೆ" ಎಂದು ಹಾರೆ ಹಿಡಿದುಕೊಂಡು ನಿಂತಿದ್ದರು. ಆ ದಿನ ಪೊಲೀಸರು ಇಲ್ಲದಿದ್ದರೆ ಇನ್ನೊಂದು ಹೆಣ ಬೀಳುತ್ತಿತ್ತು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಬಂದವರಲ್ಲಿ ಒಬ್ಬ ಮಹಿಳಾ ಪೇದೆ ಇದ್ದರು. ನಮ್ಮ ಅಮ್ಮ ನೆಲಕ್ಕೆ ಬಿದ್ದಾಗ ಅವರು ಟೋಪಿ ಪಕ್ಕಕ್ಕಿಟ್ಟು ನೆಲದ ಮೇಲೆಯೇ ಕುಳಿತು ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದು ಗಂಟೆ ಅಲುಗಾಡಲಿಲ್ಲ. ಒಂದು ಮಾತೂ ಆಡಲಿಲ್ಲ. ಅದೇ ದಿನ, ಅದೇ ಠಾಣೆಯ ಇನ್ನೊಬ್ಬರು ಗುಂಡಿಯ ಪಕ್ಕಕ್ಕೆ ಬಂದು, "ಒಂದು ಹೆಬ್ಬೆಟ್ಟು ಬೇಕಾಗಿತ್ತು" ಎಂದು ಅಮ್ಮನ ಕೈ ಹಿಡಿದು ಹೇಳಿಕೆಯ ಹಾಳೆಗೆ ಒತ್ತಿಸಿಕೊಂಡರು. ಆ ಮಸಿಯ ಬೆರಳಿನಲ್ಲೇ ಅಮ್ಮ ಅಕ್ಕನ ಹಣೆಗೆ ಕುಂಕುಮ ಇಟ್ಟರು.

ಒಂದೇ ಜೀಪಿನಲ್ಲಿ ಬಂದ ಇಬ್ಬರು. ಆದ್ದರಿಂದ "ಪೊಲೀಸರು ಹೀಗೆ" ಎಂದು ನನಗೆ ಹೇಳಲು ಬರುವುದಿಲ್ಲ. ಮಹಿಳಾ ಪೇದೆಯಿಲ್ಲದೆ ಯಾವ ಸಾವಿನ ಮನೆಗೂ ಹೋಗಕೂಡದು ಎಂದು ಮಾತ್ರ ಹೇಳುತ್ತೇನೆ. ಅಳುವವರಲ್ಲಿ ಮುಕ್ಕಾಲು ಮಂದಿ ಹೆಂಗಸರೇ ಇರುತ್ತಾರೆ.

ನಿವೃತ್ತ ಮುಖ್ಯಪೇದೆ (ಶಿರಾ) · ಮಧ್ಯಾಹ್ನ 2.10

ತಾಯಿ, ಆ ಹೆಬ್ಬೆಟ್ಟನ್ನು ಮಾರನೆಯ ದಿನ ಮನೆಗೆ ಹೋಗಿ ಒತ್ತಿಸಿಕೊಳ್ಳಬಹುದಿತ್ತು. ಓದಿ ಎದೆ ಕಲಕಿತು.

ಪಿನಾಕಿನಿ ನೀರು (ಗೌರಿಬಿದನೂರು) · ಸಂಜೆ 5.20

ನಮ್ಮ ಮನೆಯಲ್ಲಿ ಆದದ್ದು ತಿರುವುಮುರುವು. ಪೊಲೀಸರು ಬರಲಿ ಎಂದು ನಾವು ಕಾದೆವು.

ನಮ್ಮ ತಾತ ಸ್ವಾತಂತ್ರ್ಯ ಹೋರಾಟಗಾರರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದಾಗ ಅವರು ಮೀಸೆ ಚಿಗುರದ ಹುಡುಗ, ಅಲ್ಲಿದ್ದರು. ತೀರಿಕೊಂಡಾಗ ಸರ್ಕಾರಿ ಗೌರವ ಎಂದು ತಹಶೀಲ್ದಾರರು ಹೇಳಿ ಕಳಿಸಿದರು. ಬೇಸಿಗೆ. ಬೆಳಿಗ್ಗೆ ಹತ್ತಕ್ಕೆ ಎತ್ತಬೇಕಾದ ಹೆಣವನ್ನು ಗೌರವ ಸಲ್ಲಿಸುವ ತುಕಡಿ ಬರುವವರೆಗೆ ಮಧ್ಯಾಹ್ನ ಎರಡರ ತನಕ ಇಟ್ಟುಕೊಂಡೆವು. ಮಂಜುಗಡ್ಡೆ ಕರಗಿ ಅಂಗಳವೆಲ್ಲ ನೀರು. ಸಿಟ್ಟು ಬಂದಿತ್ತು. ಆದರೆ ಬಂದ ಸಬ್ ಇನ್‌ಸ್ಪೆಕ್ಟರ್ ಮೊದಲು ನೆಟ್ಟಗೆ ಅಜ್ಜಿಯ ಹತ್ತಿರ ಹೋಗಿ, ಬಗ್ಗಿ, "ತಡವಾಯಿತು ತಾಯಿ, ತಪ್ಪು ನಮ್ಮದು. ಮೂರು ಸುತ್ತು ಗುಂಡು ಹಾರಿಸುತ್ತೇವೆ, ಸದ್ದು ಜೋರಾಗಿರುತ್ತದೆ, ಹೆದರಬೇಡಿ" ಎಂದರು. ಹೊದಿಸಿದ್ದ ಬಾವುಟವನ್ನು ಚಿತೆಗೆ ಇಡುವ ಮೊದಲು ತೆಗೆದು ಮಡಿಸಿದರು. ಧ್ವಜ ಸಂಹಿತೆಯ ಪ್ರಕಾರ ಅದನ್ನು ಸುಡುವಂತಿಲ್ಲ, ಹೂಳುವಂತಿಲ್ಲ.

ಹೇಳಿದ್ದರೂ ಅಜ್ಜಿ ಮೊದಲ ಗುಂಡಿಗೇ ಎರಡೂ ಕಿವಿ ಮುಚ್ಚಿಕೊಂಡರು. ತಾತನಿಂದ ಅರವತ್ತು ವರ್ಷ ಆ ಕಥೆ ಕೇಳಿದ್ದವರಲ್ಲವೇ. ಆಮೇಲೆ, "ಅಂದು ಎದೆಗೆ ಹಿಡಿದಿದ್ದರು, ಇಂದು ಆಕಾಶಕ್ಕೆ ಹಿಡಿದರು" ಎಂದಷ್ಟೇ ಅಂದರು.

ಕುಣಿಗಲ್ ಕೆರೆ · ಸಂಜೆ 6.40

ಪಾಠ ಕಲಿಯುವುದಕ್ಕೆ ಆಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತು. ಕಲ್ಲು, ಬೆಂಕಿ, ಗೋಲಿಬಾರ್. ಒಬ್ಬ ಪೊಲೀಸ್ ಸೇರಿ ಎಂಟು ಜೀವ ಹೋಯಿತು. ಮನೆಯವರಿಗೆ ನೆಮ್ಮದಿಯಾಗಿ ಅಳಲೂ ಆಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಎರಡು ದಿನ ಕಂಠೀರವ ಕ್ರೀಡಾಂಗಣದಲ್ಲಿ ಜನಸಾಗರ. ನಾನೂ ರಾತ್ರಿ ಸಾಲಿನಲ್ಲಿ ನಿಂತಿದ್ದೆ. ಮಗಳು ಅಮೆರಿಕದಿಂದ ಬರುವವರೆಗೆ ಕಾದರು, ಭಾನುವಾರ ಬೆಳಿಗ್ಗೆ ಬೇಗ ಕಂಠೀರವ ಸ್ಟುಡಿಯೋದಲ್ಲಿ ಶಾಸ್ತ್ರ ಮುಗಿಸಿದರು. ಮೊದಲು ಮನೆಯವರು, ಆಮೇಲೆ ಜನ ಎಂದು ಯಾರೋ ಯೋಚಿಸಿ ಮಾಡಿದ್ದರು.

ನಮ್ಮ ಜಿಲ್ಲೆಯದೇ ಹೇಳುವುದಾದರೆ 2019ರ ಜನವರಿ 21, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ದಿನ. ನೂರಾ ಹನ್ನೊಂದು ವರ್ಷದ ಹಿರಿಯರು. ಲಕ್ಷಾಂತರ ಜನ ಬಂದರು, ಮಾರನೆಯ ಸಂಜೆ ಕ್ರಿಯಾ ಸಮಾಧಿ ಆಯಿತು. ಕ್ಯಾತಸಂದ್ರದ ದಾರಿಯಲ್ಲಿ ನನ್ನ ಅತ್ತೆಗೆ ತಲೆ ಸುತ್ತು ಬಂದಾಗ ಲಾಠಿ ಹಿಡಿದವರೇ ನೀರಿನ ಬಾಟಲಿ ಕೊಟ್ಟು ನೆರಳಿಗೆ ಕೂರಿಸಿದರು.

ಕೈವಾರದ ದಾರಿ · ಸಂಜೆ 7.05

ಕುಣಿಗಲ್ ಅಣ್ಣ, ದೊಡ್ಡವರ ಸಾವಿನಲ್ಲಿ ಪೊಲೀಸರು ಮರ್ಯಾದೆಯಿಂದ ಇರುತ್ತಾರೆ; ಮೇಲೆ ಮಂತ್ರಿಗಳಿರುತ್ತಾರೆ, ಸುತ್ತ ಕ್ಯಾಮೆರಾ ಇರುತ್ತದೆ. ಹೊಲದ ಮೂಲೆಯಲ್ಲಿ ಇಪ್ಪತ್ತು ಮಂದಿ ನಿಂತಿರುವಾಗ ಹೇಗಿರುತ್ತಾರೆ ಎಂಬುದಷ್ಟೇ ನನಗೆ ಮುಖ್ಯ.

ಕುಣಿಗಲ್ ಕೆರೆ · ಸಂಜೆ 7.12

ಸರಿ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆವಣಿ ಬೆಟ್ಟ (ಮುಳಬಾಗಿಲು) · ಸಂಜೆ 7.50

ನನ್ನ ಹತ್ತಿರ ಇದೆ, ಇಪ್ಪತ್ತು ಮಂದಿಯೂ ಇರಲಿಲ್ಲ. ನಮ್ಮ ಊರಿನ ಒಬ್ಬ ಹುಡುಗ ವಿಚಾರಣಾ ಕೈದಿಯಾಗಿ ಜೈಲಿನಲ್ಲಿದ್ದ. ತಾಯಿ ತೀರಿಹೋದರು. ಕೋರ್ಟಿನ ಅನುಮತಿಯ ಮೇಲೆ ಬೆಂಗಾವಲಿನಲ್ಲಿ ಕರೆತಂದರು. ಒಬ್ಬನೇ ಮಗ, ಮಡಕೆ ಹೊರಬೇಕಾದವನು ಅವನೇ. ಕೈಗೆ ಕೋಳ. ಊರವರೆಲ್ಲ ತಲೆ ತಗ್ಗಿಸಿ ನಿಂತಿದ್ದೆವು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿರಿಯ ಪೇದೆಯೊಬ್ಬರು ಮಡಕೆಯನ್ನೂ ಅವನ ಕೈಯನ್ನೂ ನೋಡಿದರು. ಬೀಗದ ಕೈ ತೆಗೆದು ಕೋಳ ಬಿಚ್ಚಿದರು. "ಓಡಿದರೆ ನನ್ನ ಕೆಲಸ ಹೋಗುತ್ತದೆ, ಅಷ್ಟು ನೆನಪಿರಲಿ" ಎಂದರು. ಅವನು ಮೂರು ಸುತ್ತು ಬಂದು, ಕೊಳ್ಳಿ ಇಟ್ಟು, ತಾನಾಗಿಯೇ ವಾಪಸು ಬಂದು ಕೈ ಚಾಚಿದ. ಅವರು ಆಗಲೂ ಹಾಕಲಿಲ್ಲ. ವ್ಯಾನಿನ ಒಳಗೆ ಹೋದ ಮೇಲೆ ಹಾಕಿದರು.

ನಂದಿ ತಪ್ಪಲು · ರಾತ್ರಿ 8.15

ಅಗತ್ಯವಿಲ್ಲದೆ ಕೋಳ ಹಾಕುವುದೇ ತಪ್ಪು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದೆ. ಹೊಸ ಸಂಹಿತೆ ಕೆಲವು ಗಂಭೀರ ಅಪರಾಧಗಳಿಗೆ ಅವಕಾಶ ಕೊಟ್ಟಿದೆ. ಆದರೂ ಆ ಪೇದೆಯವರು ಮಾಡಿದ್ದು ಯಾವ ಕಲಂ ಓದಿಯೂ ಅಲ್ಲ.

ಚಾಂಪಿಯನ್ ರೀಫ್ಸ್ (ಕೆಜಿಎಫ್) · ರಾತ್ರಿ 9.30

ಪೊಲೀಸರ ಒಂದು ಮೊಬೈಲ್ ಬಗ್ಗೆ ಇಷ್ಟು ಮಾತಾಡುತ್ತಿದ್ದೇವೆ. ಯೂಟ್ಯೂಬ್ ಚಾನೆಲ್ ಎಂದು ಮೈಕ್ ಹಿಡಿದು ಬರುವವರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಚಿಕ್ಕಮ್ಮನ ಮಗನ ಅಂತ್ಯಕ್ರಿಯೆಯಲ್ಲಿ ಪಾದ್ರಿಗಳು ಪ್ರಾರ್ಥನೆ ಹೇಳುತ್ತಿರುವಾಗಲೇ ಒಬ್ಬ ಚಿಕ್ಕಮ್ಮನ ಬಾಯಿಗೆ ಮೈಕ್ ಇಟ್ಟು, "ಈಗ ನಿಮಗೆ ಏನನ್ನಿಸುತ್ತಿದೆ?" ಎಂದ. ಅವನನ್ನು ರಟ್ಟೆ ಹಿಡಿದು ಗೇಟಿನ ಹೊರಗೆ ಬಿಟ್ಟು ಬಂದದ್ದು ಅಲ್ಲಿದ್ದ ಪೇದೆ. ಹೊಂಗೆಯ ನೆರಳು ಅಣ್ಣ, ಶುಕ್ರವಾರ ಪೊಲೀಸರು ಬಂದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಿ.

ಗುಬ್ಬಿ ಮೇಷ್ಟ್ರು · ರಾತ್ರಿ 10.00

ಇಷ್ಟು ಓದಿದ ಮೇಲೆ ನನ್ನ ಸಲಹೆ. ನಾಳೆಯೋ ನಾಡಿದ್ದೋ ನಿಮ್ಮ ಸೋದರಮಾವನನ್ನು ಕರೆದುಕೊಂಡು ಠಾಣೆಗೆ ಹೋಗಿ. ಗುಂಪು ಬೇಡ, ಇಬ್ಬರು ಸಾಕು. ತಿಥಿಯ ದಿನ ಬರುವುದಿದ್ದರೆ ಊರ ಬಾಗಿಲಿನಲ್ಲಿ ಇರಿ, ಏನು ಹೇಳುವುದಿದ್ದರೂ ಮಾವನಿಗೆ ಹೇಳಿ, ಅಮ್ಮನ ಹತ್ತಿರ ಯಾರೂ ಬರಬೇಡಿ ಎನ್ನಿ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಳದಿದ್ದರೆ ಡಿವೈಎಸ್‌ಪಿ, ಎಸ್‌ಪಿ ಇದ್ದಾರೆ, ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಅಲ್ಲಿಯವರೆಗೆ ಹೋಗಬೇಕಾಗಲಿಕ್ಕಿಲ್ಲ.

ನಿವೃತ್ತ ಮುಖ್ಯಪೇದೆ (ಶಿರಾ) · ರಾತ್ರಿ 10.20

ಮೇಷ್ಟ್ರು ಹೇಳಿದ್ದು ಸರಿ. ಬೆಳಿಗ್ಗೆ ಹತ್ತರ ಒಳಗೆ ಹೋಗಿ. ಆಮೇಲೆ ಇನ್‌ಸ್ಪೆಕ್ಟರ್ ಕೋರ್ಟಿಗೋ ಮೀಟಿಂಗಿಗೋ ಹೊರಟುಬಿಡುತ್ತಾರೆ.

ಹೊಂಗೆಯ ನೆರಳು · ಬುಧವಾರ ರಾತ್ರಿ 8.50

ಹೋಗಿ ಬಂದೆವು. ಇನ್‌ಸ್ಪೆಕ್ಟರ್ ಮಾವನನ್ನು ಕೂರಿಸಿ ಮಾತಾಡಿದರು. ಆ ಮಾತು ಆಡಿದ ಅಧಿಕಾರಿ ಅಲ್ಲಿರಲಿಲ್ಲ. ಶುಕ್ರವಾರ ಇಬ್ಬರನ್ನು ಮಾತ್ರ ಕಳಿಸುತ್ತೇವೆ, ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಇರುತ್ತಾರೆ, ಮನೆಯ ಕಡೆ ಬರುವುದಿಲ್ಲ ಎಂದರು. ಕ್ಷಮೆ ಎಂಬ ಪದ ಬರಲಿಲ್ಲ. ಮಾವ ಅಕ್ಕಿಯ ಸಂಗತಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ವಿಡಿಯೋ ಮೇಲಕ್ಕೆ ಕಳಿಸಿ ಆಗಿದೆ, ಹುಡುಗನ ಮೊಬೈಲ್‌ನಿಂದ ನಾಳೆ ನಿಮ್ಮ ಮುಂದೆಯೇ ಅಳಿಸಿಸುತ್ತೇನೆ ಎಂದರು. ನಾನು ಆಗಲಿ ಎಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಸಮಾಧಾನವಾಗಲಿ ಎಂದು. ಅಮ್ಮ ಕೇಳಿದ್ದು ಒಂದೇ: "ಅದರಲ್ಲಿ ಮಗುವಿನ ಮುಖ ಇದೆಯೇ?"

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮಲ್ಲಿ ಯಾರೂ ಫೋಟೋ ತೆಗೆದಿರಲಿಲ್ಲ. ಯಾರಿಗೂ ಮನಸ್ಸಾಗಲಿಲ್ಲ. ಈಗ ಏನು ಮಾಡಲಿ?

ರೇಷ್ಮೆಗೂಡು · ರಾತ್ರಿ 8.58

ಅಳಿಸುವ ಮೊದಲು ನಕಲು ತೆಗೆದುಕೊಳ್ಳಿ ಅಣ್ಣ. ದಯವಿಟ್ಟು. ಈಗಲೇ ಫೋನ್ ಮಾಡಿ.

ಕಲ್ಪತರು ನಾಡು · ರಾತ್ರಿ 9.03

ಹೌದು, ಬೆಳಗಿನ ತನಕ ಕಾಯಬೇಡಿ.

ನಿವೃತ್ತ ಮುಖ್ಯಪೇದೆ (ಶಿರಾ) · ರಾತ್ರಿ 9.10

ಠಾಣೆಗೆ ಫೋನ್ ಮಾಡಿ ಆ ಹುಡುಗನೊಂದಿಗೇ ಮಾತಾಡಿ. ತಾಯಿ ಕೇಳುತ್ತಿದ್ದಾರೆ ಎಂದಷ್ಟು ಹೇಳಿದರೆ ಸಾಕು.

ಹೊಂಗೆಯ ನೆರಳು · ಗುರುವಾರ ಮಧ್ಯಾಹ್ನ 3.15

ಸಿಕ್ಕಿತು. ಇನ್‌ಸ್ಪೆಕ್ಟರ್ ಒಪ್ಪಿದರು. ಆ ಹುಡುಗ ಡ್ಯೂಟಿ ಮುಗಿಸಿ ಮನೆಯ ತನಕ ಬಂದು ಕೊಟ್ಟುಹೋದ. ಒಳಗೆ ಬರಲಿಲ್ಲ, ಹೊಂಗೆಮರದ ಕೆಳಗೇ ನಿಂತಿದ್ದ. ಒಂಬತ್ತು ನಿಮಿಷ ಇದೆ. ಐದನೆಯ ನಿಮಿಷದಲ್ಲಿ ಅಮ್ಮ ಬಗ್ಗುವುದು ಕಾಣುತ್ತದೆ. ಆ ಮಾತೂ ಕೇಳಿಸುತ್ತದೆ. ಅಮ್ಮನಿಗೆ ಇನ್ನೂ ತೋರಿಸಿಲ್ಲ.

ಚಾಂಪಿಯನ್ ರೀಫ್ಸ್ (ಕೆಜಿಎಫ್) · ಮಧ್ಯಾಹ್ನ 3.40

ಧ್ವನಿ ತೆಗೆದು ತೋರಿಸಿ ಅಣ್ಣ. ನಾನು ಮದುವೆ ವಿಡಿಯೋ ಕೆಲಸ ಮಾಡುವವನು, ಮೊಬೈಲ್‌ನಲ್ಲೇ ಹೇಗೆ ಮಾಡುವುದೆಂದು ಹೇಳಿಕೊಡುತ್ತೇನೆ.

ನಂದಿ ತಪ್ಪಲು · ಮಧ್ಯಾಹ್ನ 3.52

ಮೂಲ ವಿಡಿಯೋ ಹಾಗೆಯೇ ಬೇರೆ ಕಡೆ ಉಳಿಸಿಡಿ. ಅಳಿಸಬೇಡಿ.

ಗುಬ್ಬಿ ಮೇಷ್ಟ್ರು · ಸಂಜೆ 4.30

ನಾಳೆ ನಾನು, ತಿಪಟೂರಿನವರು ಇಬ್ಬರೂ ಬರುತ್ತೇವೆ. ಊರಿನ ಹೆಸರು ಮತ್ತು ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನನಗೆ ಖಾಸಗಿಯಾಗಿ ತಿಳಿಸಿ.

ಹೊಂಗೆಯ ನೆರಳು · ಸಂಜೆ 6.10

ಕಳಿಸಿದ್ದೇನೆ ಮೇಷ್ಟ್ರೇ, ಬನ್ನಿ. ಕೆಜಿಎಫ್ ಅಣ್ಣ ಹೇಳಿಕೊಟ್ಟ ಹಾಗೆ ಧ್ವನಿ ತೆಗೆದೆ. ತಮ್ಮನ ಮುಖ ಚೆನ್ನಾಗಿ ಕಾಣುತ್ತದೆ, ಹಣೆಯ ಗಾಯ ಕಾಣುವುದಿಲ್ಲ. ನಾಳೆ ಎಲ್ಲರೂ ಊಟ ಮಾಡಿ ಹೋದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ತೋರಿಸುತ್ತೇನೆ.